ಕೆಳಗೆ ಬಿದ್ದವನ ಹೆಸರು ಸನ್ನಿ ಲಿಸ್ಟನ್

ನಮ್ಮ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ಹಳೆಯ ವಿದ್ಯಾರ್ಥಿಗಳ ಬಳಗದವರು ಫೋನ್ ಮಾಡಿದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಬರೆದಾನು ಎಂದು ಅವರು ತಿಳಿದಿರಬೇಕು. ಅದನ್ನು ನನಗಿಂತ ಚೆನ್ನಾಗಿ ಈಗಿನ ಹತ್ತನೆಯ ತರಗತಿಯ ಹುಡುಗರೇ ಬರೆಯುತ್ತಾರೆ. ನಾನು ಒಬ್ಬ ಬಾಕ್ಸರನ ಕಥೆ ಬರೆಯುತ್ತೇನೆ. ಸೊರಟೂರಿಗೂ ಅವನಿಗೂ ಸಂಬಂಧವಿಲ್ಲ. ಆದರೂ ಬರೆಯಲು ಕಾರಣವಿದೆ, ನಡುವೆ ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ಬಿ.ಇ. ಓದುವಾಗ ನನ್ನ ಹಾಸ್ಟೆಲ್ ಕೋಣೆಯ ಗೋಡೆಗೆ ಒಂದು ಚಿತ್ರ ಅಂಟಿಸಿದ್ದೆ. ಮುಹಮ್ಮದ್ ಅಲಿಯ ಚಿತ್ರ. ನೀವೂ ಎಲ್ಲಾದರೂ ಜಿಮ್ಮಿನಲ್ಲಿಯೋ, ಹುಡುಗರ ಮೊಬೈಲಿನಲ್ಲಿಯೋ ನೋಡಿರುತ್ತೀರಿ. ಅಲಿ ಬಲಗೈಯನ್ನು ಎದೆಗೆ ಅಡ್ಡವಾಗಿ ಮಡಿಚಿಕೊಂಡು, ಕೆಳಗೆ ನೋಡುತ್ತ, ಬಾಯಿ ತೆರೆದು ಗರ್ಜಿಸುತ್ತಿದ್ದಾನೆ. ಅವನ ಕಾಲ ಬುಡದಲ್ಲಿ ಒಬ್ಬ ಆಳು ಎರಡೂ ಕೈ ಮೇಲೆ ಚಾಚಿ ಅಂಗಾತ ಬಿದ್ದಿದ್ದಾನೆ. ನಾಲ್ಕು ವರ್ಷ ದಿನಾ ಆ ಚಿತ್ರ ನೋಡಿಯೇ ಹಾಸಿಗೆಯಿಂದ ಎದ್ದೆ. ಬಿದ್ದವನು ಯಾರು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ನಮ್ಮೂರಿನವರಿಗೆ ಇದು ಹೊಸದಲ್ಲ. ಇತಿಹಾಸದ ಪುಸ್ತಕಗಳಲ್ಲಿ ಸೊರಟೂರಿನ ಹೆಸರು ಬರುವುದೇ ಒಂದು ಕಾಳಗದಿಂದ. 1190ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳ ಇಲ್ಲಿ ದೇವಗಿರಿಯ ಸೇವುಣ ದೊರೆಯನ್ನು ಸೋಲಿಸಿದ. ಗೆದ್ದವನ ಹೆಸರು ಊರಿನ ಮಕ್ಕಳಿಗೂ ಗೊತ್ತು. ಸೋತವನು ಐದನೆಯ ಭಿಲ್ಲಮ ಎಂಬುದು ಪರೀಕ್ಷೆಯ ಒಂದು ಅಂಕಕ್ಕೆ ಮಾತ್ರ ನೆನಪಿರುತ್ತದೆ.

ಆ ಚಿತ್ರದಲ್ಲಿ ಬಿದ್ದವನ ಹೆಸರು ಚಾರ್ಲ್ಸ್ ಲಿಸ್ಟನ್. ಜನ ಸನ್ನಿ ಲಿಸ್ಟನ್ ಎಂದು ಕರೆಯುತ್ತಿದ್ದರು. ಅಲಿಗಿಂತ ಮೊದಲು ಹೆವಿವೇಟ್ ಬಾಕ್ಸಿಂಗಿನ ವಿಶ್ವ ಚಾಂಪಿಯನ್ ಆಗಿದ್ದವನು ಅವನೇ. ಆರಡಿ ಒಂದಿಂಚು ಎತ್ತರ. ಕೈ ಎರಡನ್ನೂ ಅಗಲಿಸಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಏಳಡಿ. ಮುಷ್ಟಿ ಎಷ್ಟು ದಪ್ಪವೆಂದರೆ ಅವನಿಗೆ ಗ್ಲೌಸ್ ಬೇರೆಯಾಗಿಯೇ ಹೊಲಿಸಬೇಕಾಗುತ್ತಿತ್ತು. ಎಡಗೈಯ ನೇರ ಹೊಡೆತ ಒಂದರಿಂದಲೇ ಎದುರಾಳಿಯನ್ನು ಕೂಡಿಸಿಬಿಡುತ್ತಿದ್ದ. ಅಂಥ ಕಸುವು ಯಾವ ವಸ್ತಾದನೂ ಕಲಿಸುವಂಥದ್ದಲ್ಲ, ಹುಟ್ಟುತ್ತಲೇ ಬರಬೇಕು.

ವಸ್ತಾದ ಎಂಬ ಮಾತು ಬಂತು. ಈ ಕಥೆ ಓದುವಾಗ ಆ ಮಾತು ನೆನಪಿನಲ್ಲಿರಲಿ. ನಮ್ಮ ಕಡೆಯ ಗರಡಿಮನೆಗಳು ಈಗ ಎಷ್ಟೋ ಕಡೆ ಬೀಗ ಹಾಕಿವೆ. ಆದರೆ ವಸ್ತಾದ ಎಂದರೆ ಏನು ಎಂಬುದು ಹಿರಿಯರಿಗೆ ಗೊತ್ತು. ಪಟ್ಟು ಹೇಳಿಕೊಡುವುದು ಅವನ ಕೆಲಸದಲ್ಲಿ ಅರ್ಧ ಮಾತ್ರ. ನಸುಕಿನಲ್ಲಿ ಹುಡುಗ ಎದ್ದನೋ ಇಲ್ಲವೋ ನೋಡಬೇಕು. ಎಷ್ಟು ದಂಡ, ಎಷ್ಟು ಬೈಠಕ್ ಎಂದು ಎಣಿಸಬೇಕು. ಮನೆಯಲ್ಲಿ ಹಾಲು ಸಿಗುತ್ತದೋ ಇಲ್ಲವೋ ವಿಚಾರಿಸಬೇಕು. ಯಾವ ಜಾತ್ರೆಯ ಕುಸ್ತಿಗೆ ಯಾರ ಜೋಡಿ ಕಟ್ಟಬೇಕು, ಯಾರ ಜೋಡಿ ಕಟ್ಟಬಾರದು ಎಂದು ತೂಗಿ ನೋಡಬೇಕು. ಹುಡುಗ ಸಾರಾಯಿ ಅಂಗಡಿಯ ಮುಂದೆ ಕಂಡರೆ ಕಪಾಳಕ್ಕೆ ಹೊಡೆಯುವ ಅಧಿಕಾರವೂ ಅವನದೇ. ಗೆದ್ದ ಹುಡುಗನಿಗೆ ಪೇಟಾ ಸುತ್ತಿ, ಹಲಗಿ ಬಾರಿಸಿ ಮೆರವಣಿಗೆ ಮಾಡುವಾಗ ಮಾತ್ರ ವಸ್ತಾದ ಹಿಂದೆ ಎಲ್ಲೋ ನಡೆದು ಬರುತ್ತಿರುತ್ತಾನೆ. ಲಿಸ್ಟನ್‌ಗೆ ಜೀವನದುದ್ದಕ್ಕೂ ಮಾಲೀಕರು ಸಿಕ್ಕರು, ಮ್ಯಾನೇಜರರು ಸಿಕ್ಕರು. ವಸ್ತಾದ ಸಿಗಲಿಲ್ಲ.

ಅವನು ಹುಟ್ಟಿದ್ದು ಅಮೆರಿಕದ ಅರ್ಕನ್ಸಾ ರಾಜ್ಯದ ಸೇಂಟ್ ಫ್ರಾನ್ಸಿಸ್ ಕೌಂಟಿಯಲ್ಲಿ, ಹತ್ತಿ ಬೆಳೆಯುವ ಸೀಮೆಯಲ್ಲಿ. ಅಪ್ಪ ಟೋಬ್ ಲಿಸ್ಟನ್ ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಬೀಜ, ಹೇಸರಗತ್ತೆ, ಕಾಳುಕಡಿ ಎಲ್ಲವೂ ಹೊಲದ ಒಡೆಯನ ಅಂಗಡಿಯಿಂದ ಉದ್ರಿ. ಸುಗ್ಗಿ ಮುಗಿದ ಮೇಲೆ ಲೆಕ್ಕ ಮಾಡಿದರೆ ಪಾಲಿನವನೇ ಬಾಕಿ ಕೊಡಬೇಕಾದವನು. ಎರಿ ಹೊಲದಲ್ಲಿ ಹತ್ತಿ ಬೆಳೆದ ನಮ್ಮ ಮಂದಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೋಬ್‌ಗೆ ಎರಡು ಮದುವೆಯಿಂದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಅವನಿಗೆ ಮಕ್ಕಳೆಂದರೆ ಹೊಲದ ಕೈಗಳು. ಸನ್ನಿ ನಡೆಯಲು ಬಂದ ಕೆಲವೇ ವರ್ಷಗಳಲ್ಲಿ ಹತ್ತಿ ಬಿಡಿಸಲು ನಿಂತ. ಅಪ್ಪ ಹೊಡೆದ ಬರೆಗಳು ಕೊನೆಯವರೆಗೂ ಅವನ ಬೆನ್ನ ಮೇಲೆ ಕಾಣುತ್ತಿದ್ದವು.

ಅವನು ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ಕಾಗದದಲ್ಲಿ 8 ಮೇ 1932 ಎಂದು ಇದೆ. ಅದಕ್ಕಿಂತ ಎರಡು ವರ್ಷವೋ ಇನ್ನೂ ಹೆಚ್ಚೋ ದೊಡ್ಡವನಿದ್ದ ಎಂದು ಅವನ ಜೀವನವನ್ನು ಕೆದಕಿ ಬರೆದವರು ಹೇಳುತ್ತಾರೆ. ನಮ್ಮೂರಿನಲ್ಲಿ ನನ್ನ ಅಪ್ಪನ ವಯಸ್ಸಿನ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಸಾಲಿಗೆ ಹೆಸರು ಹಚ್ಚುವಾಗ ಹೆಡ್ ಮಾಸ್ತರರೇ ಲೆಕ್ಕ ಹಾಕಿ ಬರೆದ ತಾರೀಖು ಅದು. ನಾವು ಅದಕ್ಕೆ ನಗುತ್ತೇವೆ. ಆದರೆ ಲಿಸ್ಟನ್‌ಗೆ ಹಾಗೆ ಅಂದಾಜಿನ ತಾರೀಖು ಬರೆದುಕೊಟ್ಟು ಒಳಗೆ ಕರೆದುಕೊಳ್ಳುವ ಹೆಡ್ ಮಾಸ್ತರರೂ ಇರಲಿಲ್ಲ.

1946ರ ಸುಮಾರಿಗೆ ತಾಯಿ ಹೆಲೆನ್ ಗಂಡನನ್ನು ಬಿಟ್ಟು ಕೆಲವು ಮಕ್ಕಳೊಂದಿಗೆ ಸೇಂಟ್ ಲೂಯಿಸ್ ನಗರಕ್ಕೆ ಹೋದಳು. ಸನ್ನಿ ಅಪ್ಪನ ಬಳಿ ಉಳಿದ. ಸ್ವಲ್ಪ ದಿನಕ್ಕೆ, ಸಂಬಂಧಿಕರ ಮರದಿಂದ ಪಿಕ್ಯಾನ್ ಕಾಯಿ ಉದುರಿಸಿ ಮಾರಿ, ಬಂದ ರೊಕ್ಕದಲ್ಲಿ ತಾಯಿಯನ್ನು ಹುಡುಕಿಕೊಂಡು ಹೊರಟ. ಅಷ್ಟು ದೊಡ್ಡ ನಗರದಲ್ಲಿ ವಿಳಾಸವಿಲ್ಲದೆ ತಾಯಿಯನ್ನು ಹುಡುಕಿದ, ಸಿಕ್ಕಳು. ಅವಳು ಸಾಲಿಗೆ ಕಳಿಸಿದಳು. ಓದು ಬರಹ ಬಾರದ ಆ ದೈತ್ಯ ಹುಡುಗನನ್ನು ಸಣ್ಣ ಮಕ್ಕಳ ಜೊತೆ ಕೂಡಿಸಿದರು. ಮಕ್ಕಳು ನಕ್ಕರು. ಅವನು ಬಿಟ್ಟುಬಿಟ್ಟ. ಅವನ ಜೀವನದಲ್ಲಿ ನನಗೆ ಅತ್ಯಂತ ದೊಡ್ಡ ಸೋಲು ಎನಿಸುವುದು ಇದೇ, ಅಲಿಯ ಕೈಯಲ್ಲಿ ಆದದ್ದಲ್ಲ. ಆ ತರಗತಿಯ ಬಾಗಿಲಲ್ಲಿ ಅವನನ್ನು ತಡೆದು ನಿಲ್ಲಿಸುವ ಒಬ್ಬ ಮಾಸ್ತರ ಇದ್ದಿದ್ದರೆ ಎಂದು ಎಷ್ಟೋ ಸಲ ಅನಿಸಿದೆ.

ಮುಂದಿನದನ್ನು ಬೇಗ ಹೇಳಬಹುದು. ಬೀದಿಯಲ್ಲಿ ಗುಂಪು ಸೇರಿದ, ದಾರಿಹೋಕರನ್ನು ದೋಚಿದ, ಅಂಗಡಿಗಳನ್ನು ದೋಚಿದ. ಪ್ರತಿ ಸಲವೂ ಅದೇ ಹಳದಿ ಅಂಗಿ ತೊಟ್ಟು ಹೋಗುತ್ತಿದ್ದನಂತೆ. ಪೊಲೀಸರು ಅವನಿಗೆ ಹಳದಿ ಅಂಗಿಯ ಕಳ್ಳ ಎಂದೇ ಹೆಸರಿಟ್ಟಿದ್ದರು. ಇಂಥ ಕಳ್ಳ ಸಿಕ್ಕಿಬೀಳಲು ಎಷ್ಟು ದಿನ ಬೇಕು? 1950ರಲ್ಲಿ ಐದು ವರ್ಷದ ಶಿಕ್ಷೆಯಾಗಿ ಜೆಫರ್ಸನ್ ಸಿಟಿಯ ಮಿಸೌರಿ ರಾಜ್ಯ ಕಾರಾಗೃಹಕ್ಕೆ ಹೋದ. ಜೈಲಿನ ಬಗ್ಗೆ ಅವನು ಎಂದೂ ದೂರು ಹೇಳಲಿಲ್ಲ. ದಿನಕ್ಕೆ ಮೂರು ಹೊತ್ತು ಊಟ ಸಿಗುತ್ತಿತ್ತು, ಅಷ್ಟು ಅವನಿಗೆ ಹೊರಗೆ ಎಂದೂ ಸಿಕ್ಕಿರಲಿಲ್ಲ.

ಆ ಜೈಲಿನಲ್ಲಿ ಫಾದರ್ ಅಲೋಯಿಸ್ ಸ್ಟೀವನ್ಸ್ ಎಂಬ ಪಾದ್ರಿ ಇದ್ದರು. ಕೈದಿಗಳ ಆಟಪಾಟಗಳ ಜವಾಬ್ದಾರಿಯೂ ಅವರದೇ. ಈ ಹುಡುಗನ ತೋಳು ನೋಡಿ ಗ್ಲೌಸ್ ಕೊಟ್ಟು ರಿಂಗಿಗೆ ಇಳಿಸಿದರು. ಕೆಲವೇ ವಾರಗಳಲ್ಲಿ ಜೈಲಿನಲ್ಲಿ ಅವನೆದುರು ನಿಲ್ಲುವವರು ಇಲ್ಲದಾದರು. ಆಮೇಲೆ ಹೊರಗಿನಿಂದ ಥರ್ಮನ್ ವಿಲ್ಸನ್ ಎಂಬ ವೃತ್ತಿಪರ ಬಾಕ್ಸರನನ್ನು ಪರೀಕ್ಷೆಗಾಗಿ ಕರೆತಂದರು. ಅವನು ಎರಡು ಸುತ್ತು ಆಡಿ, ಇನ್ನು ತನ್ನಿಂದ ಆಗದು ಎಂದು ಇಳಿದುಬಿಟ್ಟ. ಸ್ಟೀವನ್ಸರ ಪ್ರಯತ್ನದಿಂದ 31 ಅಕ್ಟೋಬರ್ 1952ರಂದು ಲಿಸ್ಟನ್ ಪೆರೋಲ್ ಮೇಲೆ ಹೊರಬಂದ.

ಕಥೆ ಇಲ್ಲಿ ಒಳ್ಳೆಯ ಕಡೆಗೆ ಹೊರಳಬೇಕಿತ್ತು. ಪಾದ್ರಿಗಳು ನಿಜವಾದ ಹಿತೈಷಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಬಾಕ್ಸಿಂಗಿನ ಪೇಟೆಯನ್ನು ಬಲ್ಲವರಲ್ಲ. ಹುಡುಗನನ್ನು ಪೇಟೆ ಬಲ್ಲವರ ಕೈಗೆ ಒಪ್ಪಿಸಿ ಜೈಲಿನ ತಮ್ಮ ಕೆಲಸಕ್ಕೆ ಮರಳಿದರು. ಹಾಗೆ ಅವನ ಹೊಣೆ ಹೊತ್ತವರಲ್ಲಿ ಒಬ್ಬ ಸೇಂಟ್ ಲೂಯಿಸ್‌ನ ಪತ್ರಿಕೆಯೊಂದರ ಪ್ರಕಾಶಕ ಫ್ರಾಂಕ್ ಮಿಚೆಲ್. ಮಿಚೆಲ್‌ನ ನಂಟು ಜಾನ್ ವಿಟಾಲೆ ಎಂಬ ಭೂಗತ ಮುಖಂಡನ ಜೊತೆ. ಪೆರೋಲ್ ಮೇಲೆ ಇರುವವನಿಗೆ ನೌಕರಿ ಬೇಕೇ ಬೇಕು. ನೌಕರಿ ವಿಟಾಲೆಯ ಕಡೆಯಿಂದ ಸಿಕ್ಕಿತು. ಹಗಲು ಬಾಕ್ಸಿಂಗ್ ತಾಲೀಮು, ಉಳಿದ ಹೊತ್ತು ವಿಟಾಲೆಯ ಮಂದಿಯ ಪರವಾಗಿ ಕೂಲಿಗಳನ್ನು ಹೆದರಿಸುವ ಕೆಲಸ ಎಂದು ಪೊಲೀಸರು ಹೇಳುತ್ತಿದ್ದರು. ಒಂದು ಜೈಲಿನ ಬಾಗಿಲು ದಾಟಿದವನು ಇನ್ನೊಂದರೊಳಗೆ ಕಾಲಿಟ್ಟಿದ್ದ.

ಆಟ ಮಾತ್ರ ಅದ್ಭುತವಾಗಿತ್ತು. ಜೈಲಿನಿಂದ ಬಂದ ಐದು ತಿಂಗಳಲ್ಲೇ ಶಿಕಾಗೋದ ಗೋಲ್ಡನ್ ಗ್ಲೌಸ್ ಪಂದ್ಯಾವಳಿಯಲ್ಲಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಹೆವಿವೇಟ್ ಚಿನ್ನ ಗೆದ್ದಿದ್ದ ಎಡ್ ಸ್ಯಾಂಡರ್ಸ್‌ನನ್ನೇ ಸೋಲಿಸಿದ. 2 ಸೆಪ್ಟೆಂಬರ್ 1953ರಂದು ವೃತ್ತಿಪರನಾಗಿ ಆಡಿದ ಮೊದಲ ಪಂದ್ಯ 33 ಸೆಕೆಂಡಿಗೆ ಮುಗಿಯಿತು. ಮರುವರ್ಷ ಮಾರ್ಟಿ ಮಾರ್ಷಲ್ ಎಂಬವನ ಹೊಡೆತಕ್ಕೆ ದವಡೆ ಮುರಿಯಿತು. ಮುರಿದ ದವಡೆಯಲ್ಲೇ ಎಂಟು ಸುತ್ತು ಪೂರ್ತಿ ಆಡಿ, ಅಂಕಗಳ ಮೇಲೆ ಸೋತ. ಆಮೇಲೆ ಅದೇ ಮಾರ್ಷಲ್‌ನನ್ನು ಎರಡು ಸಲ ಸೋಲಿಸಿ ಲೆಕ್ಕ ತೀರಿಸಿದ. ಇವನನ್ನು ಹೇಡಿ ಎಂದು ಮುಂದೆ ಬರೆದವರು ಈ ಪಂದ್ಯವನ್ನು ಮರೆತಿದ್ದರು.

1956ರ ಮೇ ತಿಂಗಳಲ್ಲಿ ಒಬ್ಬ ಪೊಲೀಸನ ಜೊತೆ ಜಗಳವಾಯಿತು. ಪೊಲೀಸನ ಕಾಲು ಮುರಿಯಿತು, ಪಿಸ್ತೂಲು ಲಿಸ್ಟನ್ ಕೈಗೆ ಬಂತು. ಒಂಬತ್ತು ತಿಂಗಳ ಶಿಕ್ಷೆ. ಹೊರಬಂದ ಮೇಲೂ ಆ ಊರಿನ ಪೊಲೀಸರು ಕಂಡಲ್ಲಿ ಹಿಡಿದು ಹಿಡಿದು ಒಳಗೆ ಹಾಕಿದರು. ಕೊನೆಗೆ ಊರು ಬಿಟ್ಟು ಫಿಲಡೆಲ್ಫಿಯಾಕ್ಕೆ ಹೋದ. ತಪ್ಪು ಅವನದೂ ಇತ್ತು. ಅವನನ್ನು ದೇವರು ಮಾಡಲು ನಾನು ಹೊರಟಿಲ್ಲ. ಕುಡಿಯುತ್ತಿದ್ದ, ಕುಡಿದಾಗ ಕೈ ಮಾಡುತ್ತಿದ್ದ.

ಫಿಲಡೆಲ್ಫಿಯಾದಲ್ಲಿ ಕಾಗದದ ಮೇಲೆ ಅವನ ಮ್ಯಾನೇಜರ್ ಪೆಪ್ ಬರೋನ್ ಎಂಬವನು. ಕಾಗದದ ಹಿಂದೆ ಇದ್ದವರು ಫ್ರಾಂಕಿ ಕಾರ್ಬೋ ಮತ್ತು ಬ್ಲಿಂಕಿ ಪಲೆರ್ಮೋ. ಆ ಕಾಲದ ಅಮೆರಿಕದ ಬಾಕ್ಸಿಂಗನ್ನು ಮುಷ್ಟಿಯಲ್ಲಿ ಹಿಡಿದ ಮಾಫಿಯಾದವರು ಇವರು. ಯಾರು ಯಾರ ಜೊತೆ ಆಡಬೇಕು ಎಂಬುದು ಇವರ ಮಾತಿನಂತೆ. ಕೆಲವೊಮ್ಮೆ ಯಾರು ಬೀಳಬೇಕು ಎಂಬುದೂ. 1960ರ ಡಿಸೆಂಬರಿನಲ್ಲಿ ಸೆನೆಟರ್ ಕೆಫಾವರ್ ಅವರ ಸಮಿತಿ ಬಾಕ್ಸಿಂಗಿನ ವ್ಯವಹಾರವನ್ನು ತನಿಖೆ ಮಾಡಿತು. ಲಿಸ್ಟನ್ ಮೇಲಿನ ಹಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾರ್ಬೋನದು, ಉಳಿದದ್ದರಲ್ಲಿ ಪಲೆರ್ಮೋ, ವಿಟಾಲೆ ಮುಂತಾದವರ ಪಾಲು ಎಂದು ಅಲ್ಲಿ ಹೊರಬಿತ್ತು. ಅಪ್ಪ ಹೊಲವನ್ನು ಪಾಲಿಗೆ ಮಾಡಿದ. ಮಗನ ಮೈಯನ್ನೇ ಪಾಲಿಗೆ ಹಾಕಿದ್ದರು.

ಲಿಸ್ಟನ್‌ನನ್ನೂ ಸಾಕ್ಷಿಗೆ ಕರೆದರು. ಸೂಟು ತೊಟ್ಟು ಕೂತಿದ್ದ. ಓದಲು ಕೊಟ್ಟ ಕಾಗದದ ಮುಂದೆ ಸಿಕ್ಕಿಬಿದ್ದ. ಹೆಸರು ಬರೆಯಲು ಬರುತ್ತದೆ, ಓದಲು ಬರುವುದಿಲ್ಲ ಎಂದು ದೇಶದ ದೊಡ್ಡ ಮನುಷ್ಯರೆದುರು ಒಪ್ಪಿಕೊಂಡ. ಅಂದರೆ ಅಲ್ಲಿಯವರೆಗೆ ಸಹಿ ಹಾಕಿದ ಒಂದು ಕರಾರನ್ನೂ ಅವನು ಓದಿರಲಿಲ್ಲ. ಸಮಿತಿಯ ಸೆನೆಟರ್ ಡರ್ಕ್ಸನ್ ಅವನಿಗೆ ಒಳ್ಳೆಯ ಮ್ಯಾನೇಜರನನ್ನು ಹುಡುಕಿಕೊಳ್ಳಲು ಬುದ್ಧಿ ಹೇಳಿದರು. ಎಲ್ಲಿ ಸಿಗುತ್ತಾನೆ ಎಂದು ಹೇಳಲಿಲ್ಲ.

ಇಲ್ಲಿ ನಿಲ್ಲಿಸಿ ನನ್ನ ಕಾರಣ ಹೇಳಬೇಕು. ನಮ್ಮ ಬ್ಯಾಚಿನಲ್ಲಿ ಒಬ್ಬ ಓಟಗಾರನಿದ್ದ. ಹೆಸರು ಬೇಡ ಅಂದಿದ್ದಾನೆ, ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. 1500 ಮೀಟರಿನಲ್ಲಿ ಬರಿಗಾಲಲ್ಲಿ ಓಡಿ, ಬೂಟು ಹಾಕಿದವರನ್ನು ಅರ್ಧ ಸುತ್ತು ಹಿಂದೆ ಬಿಡುತ್ತಿದ್ದ. ಪಿ.ಟಿ. ಮಾಸ್ತರರಿಗೆ ಅವನೆಂದರೆ ಜೀವ. ಆದರೆ ಅವರಿಗೆ ವರ್ಗವಾಯಿತು. ಸಾಲಿ ಮುಗಿದು ಎರಡು ವರ್ಷಕ್ಕೆ ಯಾರೋ ಒಬ್ಬ ಬಂದು, ಕ್ರೀಡಾ ಕೋಟಾದಲ್ಲಿ ನೌಕರಿ ಕೊಡಿಸುತ್ತೇನೆ, ದೊಡ್ಡ ಊರಿನಲ್ಲಿ ತರಬೇತಿ ಕೊಡಿಸುತ್ತೇನೆ ಎಂದು ನಾಲ್ಕು ಪುಟದ ಇಂಗ್ಲಿಷ್ ಕಾಗದ ಕೊಟ್ಟ. ಗೆಳೆಯ ಅದನ್ನು ಹುಬ್ಬಳ್ಳಿಗೆ ತಂದು ನನ್ನ ಕೈಗಿಟ್ಟ, ಓದಿ ಅರ್ಥ ಹೇಳು ಅಂದ. ನನಗೆ ಮರುದಿನ ಗಣಿತದ ಪರೀಕ್ಷೆ ಇತ್ತು. ಮೇಲಿನ ಪುಟದ ಮೇಲೆ ಕಣ್ಣಾಡಿಸಿ, ಎಲ್ಲಾ ಸರಿ ಇದೆ, ಸಹಿ ಹಾಕು ಅಂದುಬಿಟ್ಟೆ. ಚಹಾ ಕುಡಿಸಿ ಬಸ್ಸಿಗೆ ಹತ್ತಿಸಿದೆ. ಅಲಿಯ ಚಿತ್ರ ಆಗಲೂ ಗೋಡೆಯ ಮೇಲಿತ್ತು. ಅವನ ಮೂಲ ಸರ್ಟಿಫಿಕೇಟುಗಳು, ಮನೆಯವರು ಎತ್ತು ಮಾರಿ ಕೊಟ್ಟ ಹಣ, ಎರಡೂ ತಿರುಗಿ ಬರಲಿಲ್ಲ. ಕಾಗದದ ಮೂರನೆಯ ಪುಟದಲ್ಲಿ, ಹಣ ಹಿಂದಿರುಗಿಸುವ ಜವಾಬ್ದಾರಿ ಇಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನು ನಾನು ಓದಿದ್ದು ಒಂದು ವರ್ಷದ ಮೇಲೆ. ಲಿಸ್ಟನ್ ಬಗ್ಗೆ ಓದುತ್ತ ಸಮಿತಿಯ ಎದುರು ಕಾಗದ ಹಿಡಿದು ಕೂತ ಅವನ ಸಂಗತಿ ಬಂದಾಗ ನನಗೆ ಕಂಡದ್ದು ನನ್ನ ಹಾಸ್ಟೆಲ್ ಕೋಣೆ.

ಲಿಸ್ಟನ್ ಕಥೆಗೆ ಬರುತ್ತೇನೆ. 1961ರಲ್ಲಿ ಕಾರ್ಬೋ ಮತ್ತು ಪಲೆರ್ಮೋ ಬೇರೊಂದು ಸುಲಿಗೆ ಪ್ರಕರಣದಲ್ಲಿ ಸಿಕ್ಕಿಬಿದ್ದು ಕಾರ್ಬೋಗೆ 25, ಪಲೆರ್ಮೋಗೆ 15 ವರ್ಷ ಶಿಕ್ಷೆಯಾಯಿತು. ಅದೇ ವರ್ಷ ಲಿಸ್ಟನ್ ಕೂಡ ಫಿಲಡೆಲ್ಫಿಯಾದ ಉದ್ಯಾನವೊಂದರಲ್ಲಿ ಪೊಲೀಸನಂತೆ ನಟಿಸಿ ಒಬ್ಬ ಮಹಿಳೆಯ ಕಾರು ನಿಲ್ಲಿಸಿದ ಎಂಬ ಆರೋಪಕ್ಕೆ ಸಿಕ್ಕಿ, ಲೈಸೆನ್ಸ್ ಕಳೆದುಕೊಂಡ. ಆಗ ಡೆನ್ವರ್ ನಗರದ ಫಾದರ್ ಎಡ್ವರ್ಡ್ ಮರ್ಫಿ ಅವನನ್ನು ತಮ್ಮಲ್ಲಿಗೆ ಕರೆಸಿಕೊಂಡರು. ಅಕ್ಷರ ಕಲಿಸಲು ಕೂಡಿಸಿದರು, ಕುಡಿತ ಬಿಡಿಸಲು ನೋಡಿದರು. ಕೆಲವು ತಿಂಗಳು ಅವನು ನೆಮ್ಮದಿಯಿಂದ ಇದ್ದ. ಮೂವತ್ತು ದಾಟಿದ, ಜಗತ್ತಿನ ಅತಿ ಬಲಶಾಲಿ ಬಾಕ್ಸರ್ ಅಆಇಈ ತಿದ್ದುತ್ತ ಕೂತದ್ದನ್ನು ಊಹಿಸಿಕೊಳ್ಳಿ. ಈ ಸಲ ನಗುವವರು ಇರಲಿಲ್ಲ. ಆದರೆ ಸಮಯ ಕಡಿಮೆ ಇತ್ತು. ಆಟ ಮತ್ತೆ ಕರೆಯಿತು, ಓದು ಅರ್ಧಕ್ಕೆ ನಿಂತಿತು.

ಆಗ ಚಾಂಪಿಯನ್ ಆಗಿದ್ದವನು ಫ್ಲಾಯ್ಡ್ ಪ್ಯಾಟರ್ಸನ್. ಈ ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಪ್ಯಾಟರ್ಸನ್ ಕೂಡ ಬಡ ಕರಿಯರ ಮನೆಯ, ಮಕ್ಕಳು ತುಂಬಿದ ಮನೆಯ ಹುಡುಗ. ಅವನೂ ಸಾಲಿ ತಪ್ಪಿಸಿ ಕಳ್ಳತನಕ್ಕೆ ಇಳಿದಿದ್ದ. ಹತ್ತು ಹನ್ನೊಂದನೆಯ ವಯಸ್ಸಿಗೆ ಅವನನ್ನು ವಿಲ್ಟ್‌ವಿಕ್ ಎಂಬ ವಸತಿ ಶಾಲೆಗೆ ಕಳಿಸಿದರು. ಅಲ್ಲಿ ಒಬ್ಬ ಶಿಕ್ಷಕಿ ಅವನನ್ನು ಹತ್ತಿರ ಕೂಡಿಸಿಕೊಂಡು ಓದಲು ಕಲಿಸಿದರು. ಹದಿನಾಲ್ಕನೆಯ ವಯಸ್ಸಿಗೆ ನ್ಯೂಯಾರ್ಕಿನ ಕಸ್ ಡಮಾಟೋ ಎಂಬ ತರಬೇತುದಾರನ ಜಿಮ್ಮಿಗೆ ಬಂದ. ಡಮಾಟೋ ನಮ್ಮ ಅರ್ಥದಲ್ಲಿ ವಸ್ತಾದನೇ. ಮಾಫಿಯಾದ ನೆರಳು ಬೀಳದಂತೆ ಹುಡುಗನನ್ನು ಕಾದ. ಯಾರ ಜೋಡಿ ಕಟ್ಟಬಾರದು ಎಂದು ತೂಗಿ ನೋಡಿದ. ಪ್ಯಾಟರ್ಸನ್ 1952ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ, 1956ರಲ್ಲಿ 21ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಮೈಕ್ ಟೈಸನ್ ಹೆಸರು ಎಲ್ಲರೂ ಕೇಳಿದ್ದೀರಿ. ಅವನನ್ನು ಬೆಳೆಸಿದವನೂ ಇದೇ ಡಮಾಟೋ. 1985ರಲ್ಲಿ ಡಮಾಟೋ ತೀರಿಕೊಂಡ ಮೇಲೆ ಟೈಸನ್ ಬದುಕು ಹೇಗೆ ಹಳಿ ತಪ್ಪಿತು ಎಂಬುದೂ ನಿಮಗೆ ಗೊತ್ತು.

ಲಿಸ್ಟನ್ ಜೊತೆ ಆಡುವುದು ಬೇಡ ಎಂದು ಡಮಾಟೋ ಪ್ಯಾಟರ್ಸನ್‌ಗೆ ಹೇಳಿದ. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಘದ ಮುಖಂಡರೂ ಬೇಡ ಅಂದರು. ಜೈಲಿಗೆ ಹೋಗಿ ಬಂದವನು ಗೆದ್ದರೆ ತಮ್ಮ ಜನಕ್ಕೆ ಕೆಟ್ಟ ಹೆಸರು ಎಂಬ ಹೆದರಿಕೆ ಅವರದು. ಅಧ್ಯಕ್ಷ ಕೆನಡಿಯವರೂ ಬೇರೆ ಎದುರಾಳಿಯನ್ನು ನೋಡಿಕೊಳ್ಳುವಂತೆ ಪ್ಯಾಟರ್ಸನ್‌ಗೆ ಸೂಚಿಸಿದರಂತೆ. ನ್ಯೂಯಾರ್ಕ್ ರಾಜ್ಯ ಲಿಸ್ಟನ್‌ಗೆ ಲೈಸೆನ್ಸನ್ನೇ ಕೊಡಲಿಲ್ಲ. ಆದರೂ ಪ್ಯಾಟರ್ಸನ್ ನ್ಯಾಯವಂತ, ಅರ್ಹನಾದವನಿಗೆ ಅವಕಾಶ ಕೊಡದಿದ್ದರೆ ತಾನೆಂಥ ಚಾಂಪಿಯನ್ ಎಂದುಕೊಂಡು ಒಪ್ಪಿದ. 25 ಸೆಪ್ಟೆಂಬರ್ 1962ರಂದು ಶಿಕಾಗೋದ ಕಮಿಸ್ಕಿ ಪಾರ್ಕಿನಲ್ಲಿ ಪಂದ್ಯ ನಡೆಯಿತು. 2 ನಿಮಿಷ 6 ಸೆಕೆಂಡಿಗೆ ಮುಗಿಯಿತು. ಪ್ಯಾಟರ್ಸನ್ ಅವಮಾನದಿಂದ ಸುಳ್ಳು ಗಡ್ಡ ಮೀಸೆ ಅಂಟಿಸಿಕೊಂಡು ಆ ರಾತ್ರಿ ಊರು ಬಿಟ್ಟ.

ಗೆದ್ದ ಮರುದಿನ ಲಿಸ್ಟನ್ ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಹೊರಟ. ಜೊತೆಗೆ ಅವನ ಪರಿಚಯದ ಪತ್ರಕರ್ತ ಜ್ಯಾಕ್ ಮಕಿನಿ ಇದ್ದ. ದಾರಿಯುದ್ದಕ್ಕೂ ಲಿಸ್ಟನ್ ಅವನೆದುರು ತನ್ನ ಭಾಷಣವನ್ನು ಅಭ್ಯಾಸ ಮಾಡಿದ. ತನ್ನಂಥ ಹಾದಿ ತಪ್ಪಿದವನೂ ಸುಧಾರಿಸಬಲ್ಲ ಎಂದು ತೋರಿಸುತ್ತೇನೆ, ಎಲ್ಲರೂ ಹೆಮ್ಮೆ ಪಡುವಂಥ ಚಾಂಪಿಯನ್ ಆಗುತ್ತೇನೆ ಎಂಬ ಅರ್ಥದ ಮಾತುಗಳು. ಬರೆದು ಓದಲು ಬಾರದು, ಆದ್ದರಿಂದ ಬಾಯಿಪಾಠ. ವಿಮಾನ ಇಳಿಯಿತು. ಬಾಗಿಲು ತೆರೆಯಿತು. ಲಿಸ್ಟನ್ ಟೈ ಸರಿಮಾಡಿಕೊಂಡು, ಹ್ಯಾಟು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ಬಂದು ನಿಂತ. ಕೆಳಗೆ ಜನರೇ ಇಲ್ಲ. ವಿಮಾನ ನಿಲ್ದಾಣದ ಕೆಲಸಗಾರರು, ಕೆಲವು ಪತ್ರಿಕೆಯವರು, ಅಷ್ಟೇ. ಮೇಯರ್ ಇಲ್ಲ, ಹೂವಿಲ್ಲ, ಬ್ಯಾಂಡಿಲ್ಲ. ಅವನ ಭುಜ ಕುಸಿದದ್ದನ್ನು, ಕಣ್ಣಿನ ಹೊಳಪು ಆರಿಹೋದದ್ದನ್ನು ತಾನು ಕಂಡೆ ಎಂದು ಮಕಿನಿ ಆಮೇಲೆ ಹೇಳಿದ.

ನಮ್ಮ ಜಾತ್ರೆಯಲ್ಲಿ ಬೆಳ್ಳಿ ಕಡಗ ಗೆದ್ದ ಹುಡುಗನಿಗೂ ಊರ ಅಗಸಿಯಲ್ಲಿ ಹಲಗಿ ಕಾಯುತ್ತಿರುತ್ತದೆ. ಇವನು ಜಗತ್ತನ್ನು ಗೆದ್ದು ಬಂದಿದ್ದ.

ಆ ಭಾಷಣವನ್ನು ಅವನು ಎಲ್ಲೂ ಮಾಡಲಿಲ್ಲ. ಮರುವರ್ಷ ಜುಲೈ 22ರಂದು ಲಾಸ್ ವೇಗಸ್‌ನಲ್ಲಿ ಪ್ಯಾಟರ್ಸನ್ ಜೊತೆ ಮತ್ತೊಂದು ಪಂದ್ಯವಾಯಿತು. ಈ ಸಲ 2 ನಿಮಿಷ 10 ಸೆಕೆಂಡು. ಆದರೆ ಹಳೆಯ ಹಸಿವು ಹೋಗಿತ್ತು. ಜನ ತನ್ನನ್ನು ಕೆಟ್ಟವನೆಂದೇ ನೋಡುವುದಾದರೆ ಕೆಟ್ಟವನಾಗಿಯೇ ಇರುತ್ತೇನೆ ಎಂಬಂತೆ ಮುಖ ಗಂಟು ಹಾಕಿಕೊಂಡು ತಿರುಗಿದ. ಆ ಗಂಟು ಮುಖದ ಹಿಂದೆ ಬೇರೆ ಮನುಷ್ಯನಿದ್ದ ಎಂಬುದಕ್ಕೆ ಒಂದು ಸಂಗತಿ ಸಾಕು. 1963ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಚರ್ಚಿಗೆ ಬಾಂಬ್ ಇಟ್ಟು ನಾಲ್ವರು ಕರಿಯ ಹುಡುಗಿಯರನ್ನು ಕೊಂದಾಗ ಅವನು ಯೂರೋಪಿನ ಪ್ರವಾಸದಲ್ಲಿದ್ದ. ಪ್ರವಾಸ ನಿಲ್ಲಿಸಿ ಮರಳಿದ, ಅಮೆರಿಕದವನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ ಅಂದ. ಮಕ್ಕಳೆಂದರೆ ಅವನಿಗೆ ಬಹಳ ಪ್ರೀತಿ. ದೊಡ್ಡವರ ಜೊತೆ ಬಾರದ ಮಾತು ಮಕ್ಕಳ ಜೊತೆ ಬರುತ್ತಿತ್ತಂತೆ.

25 ಫೆಬ್ರುವರಿ 1964ರಂದು ಮಯಾಮಿ ಬೀಚಿನಲ್ಲಿ 22 ವರ್ಷದ ಕ್ಯಾಸಿಯಸ್ ಕ್ಲೇ ಎದುರಾದ. ಮುಂದೆ ಮುಹಮ್ಮದ್ ಅಲಿ ಆದವನು ಅವನೇ. ಅಲ್ಲಿ ಸೇರಿದ್ದ 46 ಕ್ರೀಡಾ ಬರಹಗಾರರಲ್ಲಿ 43 ಮಂದಿ ಲಿಸ್ಟನ್ ಗೆಲ್ಲುತ್ತಾನೆ ಎಂದಿದ್ದರು. ಲಿಸ್ಟನ್ ಕೂಡ ಹಾಗೇ ನಂಬಿ ತಾಲೀಮನ್ನು ಹಗುರವಾಗಿ ತೆಗೆದುಕೊಂಡಿದ್ದ. ಬೈದು ಎಬ್ಬಿಸಿ ಓಡಿಸುವವರು ಯಾರು? ಸುತ್ತ ಇದ್ದವರೆಲ್ಲ ಅವನಿಂದ ಉಣ್ಣುವವರು. ಆರು ಸುತ್ತು ಕ್ಲೇ ಅವನನ್ನು ಬೆನ್ನಟ್ಟಿಸಿ ದಣಿಸಿ ಹೊಡೆದ. ಏಳನೆಯ ಸುತ್ತಿನ ಗಂಟೆಗೆ ಲಿಸ್ಟನ್ ಸ್ಟೂಲಿನಿಂದ ಏಳಲಿಲ್ಲ. ಎಡಭುಜ ಕೆಟ್ಟಿದೆ ಎಂದ. ವೈದ್ಯರೂ ಹೌದೆಂದರು, ಜನ ನಂಬಲಿಲ್ಲ.

ಮರುಪಂದ್ಯ 25 ಮೇ 1965ರಂದು ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಊರಿನಲ್ಲಿ. ದೊಡ್ಡ ಊರುಗಳು ಆ ಪಂದ್ಯ ನಮಗೆ ಬೇಡ ಎಂದಿದ್ದವು. ಟಿಕೆಟ್ ಕೊಂಡು ಬಂದವರು 2,434 ಜನ, ನಮ್ಮ ಕಡೆ ಒಳ್ಳೆಯ ಕುಸ್ತಿಗೆ ಅದಕ್ಕಿಂತ ಹೆಚ್ಚು ಸೇರುತ್ತಾರೆ. ಮೊದಲ ಸುತ್ತಿನಲ್ಲೇ ಅಲಿಯ ಬಲಗೈ ಒಂದು ಸಲ ಸರ್ರನೆ ಬಂತು, ಲಿಸ್ಟನ್ ಬಿದ್ದ. ಅಲಿ ತಲೆಯ ಮೇಲೆ ನಿಂತು ಏಳು ಎಂದು ಕೂಗಾಡಿದ. ಆ ಕ್ಷಣವನ್ನೇ ನೀಲ್ ಲೈಫರ್ ಎಂಬ ಛಾಯಾಗ್ರಾಹಕ ಹಿಡಿದದ್ದು, ಅದೇ ನನ್ನ ಗೋಡೆಯ ಮೇಲೆ ಇದ್ದದ್ದು. ಆ ಹೊಡೆತ ಬಿದ್ದದ್ದನ್ನು ಎಷ್ಟೋ ಜನ ಕಾಣಲೇ ಇಲ್ಲ. ಮಾಫಿಯಾ ಹೇಳಿ ಬೀಳಿಸಿತು ಎಂದರು, ಜೀವಭಯದಿಂದ ಬಿದ್ದ ಎಂದರು. ನಾನು ಆ ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ನೋಡಿದ್ದೇನೆ, ನಮ್ಮ ವೃತ್ತಿಯ ಚಟ ಅದು. ಹೊಡೆತ ತಗಲಿದ್ದು ನಿಜ. ಮುರಿದ ದವಡೆಯಲ್ಲಿ ಎಂಟು ಸುತ್ತು ನಿಂತವನನ್ನು ಅಷ್ಟು ಹೊಡೆತ ಮಲಗಿಸಬೇಕಾದರೆ ಅವನು ಒಳಗೆ ಮೊದಲೇ ಬಿದ್ದಿದ್ದ ಎಂಬುದು ನನ್ನ ಅನಿಸಿಕೆ. ಬಹುಶಃ ವಿಮಾನದ ಮೆಟ್ಟಿಲ ಮೇಲೆಯೇ.

ಅದರ ನಂತರ ಯಾರೂ ಅವನನ್ನು ದೊಡ್ಡ ಪಂದ್ಯಕ್ಕೆ ಕರೆಯಲಿಲ್ಲ. ಲಾಸ್ ವೇಗಸ್‌ನಲ್ಲಿ ಮನೆ ಮಾಡಿದ. ಸ್ವೀಡನ್‌ಗೆ ಹೋಗಿ ನಾಲ್ಕು ಪಂದ್ಯ ಗೆದ್ದ, ಅಲ್ಲಿಂದ ಒಬ್ಬ ಬಾಲಕನನ್ನು ದತ್ತು ತಂದ. 1969ರ ಡಿಸೆಂಬರಿನಲ್ಲಿ ಲಿಯೋಟಿಸ್ ಮಾರ್ಟಿನ್ ಅವನನ್ನು ಒಂಬತ್ತನೆಯ ಸುತ್ತಿನಲ್ಲಿ ಕೆಡವಿದ. ಕೊನೆಯ ಪಂದ್ಯ 29 ಜೂನ್ 1970ರಂದು ಚಕ್ ವೆಪ್ನರ್ ಜೊತೆ, ಅದನ್ನು ಗೆದ್ದ. ರಾಕಿ ಸಿನಿಮಾ ನೋಡಿದವರಿಗೆ ಹೇಳಬೇಕು, ಆ ಕಥೆ ಹುಟ್ಟಲು ಪ್ರೇರಣೆಯಾದವನು ಇದೇ ವೆಪ್ನರ್. ಒಟ್ಟು ಆಡಿದ್ದು 54 ಪಂದ್ಯ, ಗೆದ್ದದ್ದು 50.

ಆ ವರ್ಷದ ಕ್ರಿಸ್‌ಮಸ್‌ಗೆ ಹೆಂಡತಿ ಜೆರಾಲ್ಡೀನ್ ತವರಿಗೆ ಹೋಗಿದ್ದಳು. 5 ಜನವರಿ 1971ರಂದು ಮರಳಿ ಬಂದು ಬಾಗಿಲು ತೆಗೆದಾಗ ಲಿಸ್ಟನ್ ಮಲಗುವ ಕೋಣೆಯಲ್ಲಿ ಹೆಣವಾಗಿದ್ದ, ಸತ್ತು ಹಲವು ದಿನಗಳಾಗಿದ್ದವು. ಮೈಯಲ್ಲಿ ಹೆರಾಯಿನ್ ಕುರುಹು, ತೋಳಿನಲ್ಲಿ ಸೂಜಿಯ ಗುರುತು. ಅವನಿಗೆ ಸೂಜಿ ಎಂದರೆ ಮೊದಲಿನಿಂದಲೂ ಭಯ ಎಂದು ಬಲ್ಲವರು ಹೇಳಿದರು, ಕೊಲೆ ಎಂದವರೂ ಇದ್ದರು. ಶ್ವಾಸಕೋಶ ಮತ್ತು ಹೃದಯದ ತೊಂದರೆಯಿಂದ ಆದ ಸಹಜ ಸಾವು ಎಂದು ಸರ್ಕಾರಿ ಕಾಗದದಲ್ಲಿ ಬರೆದರು. ಸತ್ತ ದಿನವನ್ನು ಪೊಲೀಸರು ಬಾಗಿಲ ಮುಂದೆ ರಾಶಿ ಬಿದ್ದ ಹಾಲಿನ ಬಾಟಲಿ, ದಿನಪತ್ರಿಕೆಗಳನ್ನು ಎಣಿಸಿ 30 ಡಿಸೆಂಬರ್ 1970 ಎಂದು ಗೊತ್ತುಮಾಡಿದರು. ಹುಟ್ಟಿದ ದಿನವೂ ಅಂದಾಜು, ಸತ್ತ ದಿನವೂ ಅಂದಾಜು.

1991ರಲ್ಲಿ ಅವನ ಹೆಸರನ್ನು ಅಂತರರಾಷ್ಟ್ರೀಯ ಬಾಕ್ಸಿಂಗ್ ಕೀರ್ತಿ ಮಂದಿರಕ್ಕೆ ಸೇರಿಸಿದರು.

ಗೆಳೆಯ ಈಗ ಊರಲ್ಲೇ ಇದ್ದಾನೆ, ಟ್ರ್ಯಾಕ್ಟರ್ ಓಡಿಸುತ್ತಾನೆ. ಕಳೆದ ವರ್ಷ ಜಾತ್ರೆಗೆ ಬಂದಾಗ ಅವನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಮೊಬೈಲಿನಲ್ಲಿ ಆ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದ. ಗೋರಿಯ ಚಿತ್ರವೂ ಇದ್ದರೆ ತೋರಿಸು ಅಂದ. ತೋರಿಸಿದೆ. ಲಾಸ್ ವೇಗಸ್‌ನ ವಿಮಾನ ನಿಲ್ದಾಣದ ಪಕ್ಕದ ಸ್ಮಶಾನದಲ್ಲಿ, ನೆಲಕ್ಕೆ ಸಮನಾಗಿ ಕೂಡಿಸಿದ ಸಣ್ಣ ಫಲಕ ಅದು. ಅದರ ಮೇಲೆ ಹೆಸರು, ಎರಡು ಇಸವಿ, ಕೆಳಗೆ ಅವನೊಬ್ಬ ಮನುಷ್ಯ ಎಂಬರ್ಥದ ಎರಡು ಪದ. ಬೇರೆ ಬಿರುದು ಏನೂ ಇಲ್ಲ. ಹುಟ್ಟಿದ ವರ್ಷ 1932 ಎಂದೇ ಕೆತ್ತಿದ್ದಾರೆ.